ಕಾಶವ್ವ ಕಟ್ಟಿದ ಹಸಿರು ಖಣ

ಕಾಶವ್ವನ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು, ಅವರಷ್ಟು ಜಗಳಗಂಟಿ ಹೆಂಗಸು ಮುಂಬಯಿ ಬದಿಯ ನಮ್ಮ ಡೊಂಬಿವಲಿಯಲ್ಲಿ ಇನ್ನೊಬ್ಬರಿಲ್ಲ ಎಂದು. ಎರಡನೆಯ ಸ್ಥಾನ ನನ್ನದು. ಅದಕ್ಕೇ ನಾವಿಬ್ಬರೂ ಇಷ್ಟು ವರ್ಷ ಹೊಂದಿಕೊಂಡು ಬಂದದ್ದು.

ಸ್ಟೇಷನ್ನಿನಿಂದ ಪೂರ್ವಕ್ಕೆ ಹೊರಬಿದ್ದು ತರಕಾರಿ ಗಾಡಿಗಳನ್ನು ದಾಟಿದರೆ ನನ್ನ ಗಂಡ ಮೋಹನದಾಸರ ಹೋಟೆಲು ಸಿಗುತ್ತದೆ. ಅದಕ್ಕೆ ಅಂಟಿಕೊಂಡೇ ಕಾಶವ್ವನ ಅಂಗಡಿ, ‘ಬಾಗಿ ಖಣ ಭಂಡಾರ’. ಒಳಗೆ ಒಂದು ಸ್ಟೂಲು, ಒಂದು ಕತ್ತರಿ, ನೆಲದಿಂದ ಛಾವಣಿಯವರೆಗೆ ರವಿಕೆಯ ಖಣಗಳು. ನಾನು ಉಡುಪಿ ಕಡೆಯವಳು, ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಕಾಶವ್ವ ಗುಳೇದಗುಡ್ಡದವರು. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ತಿಳಿಯಬೇಕಾದರೆ ಮೊದಮೊದಲು ನಡುವೆ ಹಿಂದಿ ಬರಬೇಕಾಗಿತ್ತು. ಈಗ ಜಗಳಕ್ಕೆ ಯಾವ ದುಭಾಷಿಯೂ ಬೇಡ.

ಅವರ ಅಪ್ಪ ಊರಿನಲ್ಲಿ ಖಣ ನೇಯುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡ ಅಪ್ಪಾಸಾಹೇಬರಿಗೆ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ವಾಸ ಒಂದು ಚಾಳಿನಲ್ಲಿ. ಚೊಚ್ಚಲ ಬಸುರಿಯಾದಾಗ ತವರಿನಿಂದ ಯಾರೂ ಬರುವ ಹಾಗಿರಲಿಲ್ಲ, ತಾಯಿ ಹಾಸಿಗೆ ಹಿಡಿದಿದ್ದರು. ಅವರ ಕಡೆ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಖಣ, ಹಸಿರು ಬಳೆ ತಂದು, ಒಡ್ಡಿದ ಸೆರಗಿಗೆ ಹಣ್ಣು ಹಾಕಿ ಉಡಿ ತುಂಬಬೇಕು. ಅದಕ್ಕೆ ಕುಬಸ ಎನ್ನುತ್ತಾರೆ. ಕೊನೆಗೆ ಚಾಳಿನ ಹೆಂಗಸರೇ ಸೇರಿ ಆ ಕುಬಸ ಮಾಡಿದರಂತೆ.

‘ಒಬ್ಬಾಕಿ ಕೊಂಕಣಿ, ಒಬ್ಬಾಕಿ ಮರಾಠಿ, ಒಬ್ಬಾಕಿ ತಮಿಳರಾಕಿ. ಒಬ್ರಿಗೂ ನಮ್ಮ ಹಾಡು ಬರತಿರಲಿಲ್ಲ. ಹಿಂದಿ ಸಿನಿಮಾ ಹಾಡು ಹಾಡಿ ಉಡಿ ತುಂಬಿದ್ರು ನನಗ’ ಎಂದು ಕಾಶವ್ವ ಈಗಲೂ ನಗುತ್ತಾರೆ. ನಗುತ್ತ ನಗುತ್ತ ಕಣ್ಣು ಒರೆಸಿಕೊಳ್ಳುತ್ತಾರೆ, ಕೇಳಿದರೆ ಕಸ ಬಿತ್ತು ಎನ್ನುತ್ತಾರೆ.

ಕಾರ್ಖಾನೆ ಮುಚ್ಚಿ ಅಪ್ಪಾಸಾಹೇಬರು ಮನೆಯಲ್ಲಿ ಕೂತಾಗ ಇವರು ಊರಿನಿಂದ ಖಣ ತರಿಸಿ, ಚೀಲಕ್ಕೆ ತುಂಬಿ, ಮಧ್ಯಾಹ್ನದ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಮಾರಲು ಹೊರಟರು. ಕಲ್ಯಾಣದಿಂದ ಠಾಣೆ, ಠಾಣೆಯಿಂದ ಕಲ್ಯಾಣ. ಅಂಗಡಿಯಾದದ್ದು ಆಮೇಲೆ. ಈಗ ಅಪ್ಪಾಸಾಹೇಬರು ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ, ಕಾಶವ್ವ ವ್ಯಾಪಾರ ನೋಡುತ್ತಾರೆ. ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸುಗಳ ಹುಡುಗಿಯರು ಕಾರಿನಲ್ಲಿ ಬಂದು ಸೋಫಾದ ದಿಂಬಿಗೆ ಕವರು ಹೊಲಿಸಲು ಖಣ ಒಯ್ಯುತ್ತಾರೆ. ‘ಮೈಮ್ಯಾಲೆ ಹಾಕ್ಕೊಳ್ಳೂದನ್ನ ತಗೊಂಡು ಹೋಗಿ ಅದಕ್ಕ ಒರಗಿ ಕುಂದರತಾರ್ರೀ’ ಎಂದು ಕಾಶವ್ವ ಅವರ ಬೆನ್ನ ಹಿಂದೆ ಗೊಣಗುವುದನ್ನು ನಾನು ದಿನಾ ಕೇಳುತ್ತೇನೆ.

ಆದರೆ ಬಸುರಿ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿದರೆ ಅವರ ದನಿಯೇ ಬೇರೆ. ಏನು ಬೇಕೆಂದು ಕೇಳುವುದಕ್ಕೂ ಮೊದಲು ಕೈ ಹಸಿರು ಖಣದ ಸಾಲಿಗೆ ಹೋಗಿರುತ್ತದೆ. ತವರಿನ ಆಸರೆ ಇಲ್ಲದ ಹುಡುಗಿ ಎಂದು ತಿಳಿದರಂತೂ ಸ್ಟೂಲಿನ ಮೇಲೆ ಕೂರಿಸಿ, ಖಣ ಕೊಟ್ಟು, ಹೋಟೆಲಿನಿಂದ ಬಾಳೆಹಣ್ಣು ತರಿಸಿ ಉಡಿ ತುಂಬಿಯೇ ಕಳಿಸುವುದು. ಈ ಕೈಯ ಅಭ್ಯಾಸವನ್ನು ನೆನಪಿಡಿ.

ನಮ್ಮ ಊರಿನಲ್ಲಿ ಆಪತ್ತಿಗೇನೂ ಬರವಿಲ್ಲ. ಒಂದು ಮಳೆಗೆ ಕಲ್ಯಾಣದ ಕಡೆ ಹೊಳೆ ಉಕ್ಕುತ್ತದೆ, ಇನ್ನೊಂದು ಮಳೆಗೆ ಹಳೆಯ ಕಟ್ಟಡ ಕೂರುತ್ತದೆ, ಮಳೆ ಇಲ್ಲದಾಗ ಕೆಮಿಕಲ್ ಕಾರ್ಖಾನೆಗಳಿವೆ. ಹಾಗಾಗಿ ನಮ್ಮ ಕನ್ನಡ ಮಹಿಳಾ ಮಂಡಳಿಯವರು ರಂಗೋಲಿ ಸ್ಪರ್ಧೆಯನ್ನು ಈ ಸಲ ಬಿಟ್ಟು, ಆಪತ್ತಿನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ತರಬೇತಿ ಕೊಡಿ ಎಂದು ನನ್ನ ಬೆನ್ನು ಹತ್ತಿದರು. ನಾನು ಒಪ್ಪಿದೆ.

ಕಲಿಸಿದ್ದು ಇಷ್ಟೇ. ತುಂಬ ಜನ ಒಟ್ಟಿಗೆ ಗಾಯಗೊಂಡಾಗ ಯಾರು ಜೋರಾಗಿ ಕೂಗುತ್ತಾರೋ ಅವರ ಹತ್ತಿರ ಮೊದಲು ಓಡಬಾರದು. ಪ್ರತಿಯೊಬ್ಬರ ಕೈಗೂ ಒಂದು ಬಣ್ಣದ ಪಟ್ಟಿ ಕಟ್ಟಬೇಕು. ಕೆಂಪು ಎಂದರೆ ಈಗಲೇ ಆಸ್ಪತ್ರೆಗೆ, ತಡವಾದರೆ ಜೀವಕ್ಕೆ ಅಪಾಯ. ಹಳದಿ ಎಂದರೆ ಸ್ವಲ್ಪ ಕಾಯಬಹುದು. ತಮ್ಮ ಕಾಲಲ್ಲಿ ನಡೆದು ಬಂದವರಿಗೆ ಹಸಿರು, ಅವರನ್ನು ಒಂದು ಬದಿಗೆ ಕೂರಿಸಬೇಕು. ಉಸಿರೇ ಇಲ್ಲದವರಿಗೆ ಕಪ್ಪು. ಒಂದೇ ಒಂದು ವಿಷಯವನ್ನು ನಾನು ಮತ್ತೆ ಮತ್ತೆ ಹೇಳಿದ್ದೆ: ಹೊಟ್ಟೆಗೆ ಪೆಟ್ಟು ಬಿದ್ದ ಬಸುರಿ ನಡೆದು ಬಂದರೂ, ನಗುತ್ತ ಬಂದರೂ, ಕೆಂಪು.

ಪಟ್ಟಿಗಳನ್ನು ಕಾಶವ್ವನೇ ಕತ್ತರಿಸಿ ತಂದರು. ಕಪ್ಪು ಮಾತ್ರ ತರಲಿಲ್ಲ.

‘ಎಂತ ಕಾಶವ್ವ, ಕಪ್ಪು ಖಣ ಅಂಗಡಿಯಲ್ಲಿ ಇಲ್ವಾ?’ ಎಂದೆ.

‘ಐತ್ರೀ. ಮರಾಠಿ ಮಂದಿ ಸಂಕ್ರಾಂತಿಗೆ ಕರೀದ ತೊಡತಾರ, ಅವರಿಗೆ ಮಾರತೇನಿ. ಸತ್ತವರಿಗೆ ಕಟ್ಟಾಕ ಕೊಡಂಗಿಲ್ಲ.’

ಕೊನೆಗೆ ನನ್ನ ಹಳೆಯ ಕೊಡೆ ಹರಿದು ಕಪ್ಪು ಪಟ್ಟಿ ಮಾಡಿದೆವು. ಪಾಠದ ಕೊನೆಗೆ ಪ್ರಶ್ನೆ ಕೇಳಿದಾಗ ಬಸುರಿಯ ವಿಷಯಕ್ಕೆ ಸರಿಯಾದ ಉತ್ತರವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದ್ದು ಕಾಶವ್ವನೇ.

ಆ ಮಳೆಗಾಲದಲ್ಲೇ ಪಾಠ ಕೆಲಸಕ್ಕೆ ಬಂತು. ಮಧ್ಯಾಹ್ನದ ಹೊತ್ತು. ಬೆಳಗ್ಗಿನಿಂದ ಬಿಡದ ಮಳೆ. ತರಕಾರಿ ಮಾರ್ಕೆಟ್ಟಿನ ಹಿಂದಿದ್ದ ಹಳೆಯ ಕಟ್ಟಡದ ಹಿಂಬದಿ ಒಮ್ಮೆಗೇ ಜರಿದು ಕೂತಿತು. ಹೋಟೆಲಿನ ಲೋಟಗಳೆಲ್ಲ ಅಲುಗಿದವು. ನಾನು ಪಟ್ಟಿಗಳ ಚೀಲ ಹಿಡಿದು ಹೊರಗೆ ಬರುವಷ್ಟರಲ್ಲಿ ಕಾಶವ್ವ ಅಂಗಡಿಯ ಶಟರು ಎಳೆದು ಮುಂದೆ ನಡೆದಾಗಿತ್ತು.

ಅಗ್ನಿಶಾಮಕದವರು ಬೇಗ ಬಂದರು. ಆಂಬುಲೆನ್ಸುಗಳು ಕಲ್ಯಾಣದ ರಸ್ತೆಯಲ್ಲಿ ನೀರಿಗೆ, ಟ್ರಾಫಿಕ್ಕಿಗೆ ಸಿಕ್ಕಿಬಿದ್ದಿದ್ದವು. ಗಣಪತಿ ಕೂರಿಸುವ ಮಂಡಲದವರು ಹಬ್ಬಕ್ಕೆಂದು ಎಬ್ಬಿಸುತ್ತಿದ್ದ ತಗಡಿನ ಚಪ್ಪರ ಅರ್ಧ ಆಗಿತ್ತು, ನಾವು ಅದರಡಿ ನಿಂತೆವು. ಎತ್ತಿ ತಂದವರನ್ನು ನಾನು ನೋಡುವುದು, ಗಲ್ಲಿಯ ಬಾಯಿಯಲ್ಲಿ ನಿಂತು ನಡೆದು ಬಂದವರಿಗೆ ಪಟ್ಟಿ ಕಟ್ಟುವುದು ಕಾಶವ್ವ. ಕಾಲು ಮುರಿದವರು, ತಲೆ ಒಡೆದವರು, ಉಸಿರು ಸಿಗದೆ ಒದ್ದಾಡುವ ಮುದುಕರೊಬ್ಬರು. ನನಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಕಾಶವ್ವ ಚೆನ್ನಾಗಿಯೇ ಮಾಡುತ್ತಿದ್ದರು. ಕೂಗಾಡುವವರನ್ನು ಒಂದು ಮಾತಿನಲ್ಲಿ ಸುಮ್ಮನಾಗಿಸುತ್ತಿದ್ದರು, ಆ ವಿದ್ಯೆ ಅವರಿಗೆ ಹುಟ್ಟಿನಿಂದ ಬಂದದ್ದು.

ಆಗ ಗೋಡೆ ಹಿಡಿದುಕೊಂಡು ಒಬ್ಬ ಹುಡುಗಿ ಬಂದಳು. ತಲೆಯಿಂದ ಕಾಲಿನವರೆಗೆ ಸಿಮೆಂಟಿನ ಬಿಳಿ ಧೂಳು, ಬಸಿರಿನ ದೊಡ್ಡ ಹೊಟ್ಟೆ. ಕಾಶವ್ವ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದರಂತೆ, ‘ಎಲ್ಲಿ ಪೆಟ್ಟಾಗೇತೆವ್ವ ನಿನಗ?’

‘ಕುಛ್ ನಹೀ ಹುವಾ, ಆಂಟಿ. ಮೈ ಠೀಕ್ ಹೂಂ’ ಎಂದಳು ಹುಡುಗಿ, ಏನೂ ಆಗಿಲ್ಲವೆಂದು ತಲೆಯಾಡಿಸುತ್ತ.

ಕನ್ನಡದ ಪ್ರಶ್ನೆಗೆ ಹಿಂದಿಯ ಉತ್ತರ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ರೀತಿಯೇ ಅದು. ನಮ್ಮ ಕಡೆಯ ಹುಡುಗಿ ಎಂದು ಕಾಶವ್ವನಿಗೆ ತಿಳಿಯಿತು. ಕೈ ಚೀಲದೊಳಗೆ ಹೋಯಿತು. ಪಾಠ ತಲೆಯಲ್ಲಿ ಇತ್ತು, ಆದರೆ ಕೈಗೆ ಅದರದೇ ಬೇರೆ ಪಾಠ ಇತ್ತಲ್ಲ. ಹಸಿರು ಪಟ್ಟಿ ತೆಗೆದು, ಹುಡುಗಿಯ ಬಲಗೈಗೆ ಮೆತ್ತಗೆ ಕಟ್ಟಿ, ‘ಹೆದರಬ್ಯಾಡ’ ಎಂದು ಹೋಟೆಲಿನ ಜಗಲಿಯ ಕುರ್ಚಿಗಳ ಕಡೆ ಕಳಿಸಿದರು. ಅಲ್ಲಿ ಮೊಣಕಾಲು ತರಚಿದವರೆಲ್ಲ ಕೂತು ಚಹಾ ಕುಡಿಯುತ್ತಿದ್ದರು. ಹಸಿರು ಪಟ್ಟಿ ಕಂಡವರನ್ನು ಯಾರೂ ಇನ್ನೊಮ್ಮೆ ನೋಡುವುದಿಲ್ಲ. ಪಟ್ಟಿಯ ಉದ್ದೇಶವೇ ಅದು.

ಮೊದಲ ಆಂಬುಲೆನ್ಸು ಬಂತು. ಅದರ ಜೊತೆ ಬಂದವರು ಡಾಕ್ಟರ್ ಹೃಷೀಕೇಶ, ಎಳೆಯ ವಯಸ್ಸು, ಮಾತು ಕಡಿಮೆ. ಉಸಿರಾಟದ ತೊಂದರೆಯ ಮುದುಕರನ್ನು ಒಳಗೆ ಮಲಗಿಸಿದೆವು. ಇನ್ನೊಂದು ಜಾಗಕ್ಕೆ ಕಾಲು ಮುರಿದವನನ್ನು ಎತ್ತಲು ಹೊರಟೆವು. ಆ ಗಳಿಗೆಯಲ್ಲಿ ಕಾಶವ್ವ ಇದ್ದಕ್ಕಿದ್ದ ಹಾಗೆ ಕೆಲಸ ಬಿಟ್ಟು ಹೋಟೆಲಿನ ಕಡೆ ನಡೆದರು.

‘ಎಲ್ಲಿಗೆ ಹೊರಟಿರಿ? ಇಲ್ಲಿ ಜನ ಸಾಯ್ಲಿಕ್ಕೆ ಬಿದ್ದಿದ್ದಾರೆ’ ಎಂದು ನಾನು ಗದರಿದೆ.

‘ಒಂದ ನಿಮಿಷ ಲತಕ್ಕ. ಬಸರಿಗೆ ಬರೇ ಖಣ ಕೊಟ್ಟು ಕಳಿಸೀನಿ. ಉಡಿ ಖಾಲಿ ಐತಿ, ಛಲೋ ಅಲ್ಲ.’

ನನಗೆ ಆ ಹೊತ್ತಿಗೆ ಅದು ತಲೆಗೆ ಹೋಗಲೇ ಇಲ್ಲ. ಜಯಲತಾ ಎಂಬ ನನ್ನ ಹೆಸರನ್ನು ಲತಕ್ಕ ಮಾಡಿದ ಈ ಹೆಂಗಸಿಗೆ ಬುದ್ಧಿ ಕೆಟ್ಟಿತು ಎಂದೇ ಅಂದುಕೊಂಡೆ. ಮೋಹನದಾಸರು ಗಾಯಾಳುಗಳಿಗೆಂದು ಇಟ್ಟಿದ್ದ ಬಾಳೆಹಣ್ಣಿನಲ್ಲಿ ಒಂದು ಚಿಪ್ಪು ಎತ್ತಿಕೊಂಡು ಕಾಶವ್ವ ಜಗಲಿ ಹತ್ತಿದರು. ಹುಡುಗಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು.

‘ದುಪಟ್ಟಾ ಒಡ್ಡವ್ವ’ ಎಂದರು ಕಾಶವ್ವ.

ಹುಡುಗಿಗೆ ಮಾತು ತಿಳಿಯಿತು. ದುಪಟ್ಟಾದ ಸೆರಗು ಒಡ್ಡಲು ಕೈ ಎತ್ತಿದಳು. ಕೈ ಅರ್ಧಕ್ಕೆ ಬಿದ್ದುಹೋಯಿತು. ಕಾಶವ್ವ ತಾವೇ ಸೆರಗು ಸರಿಸಿ ಹಣ್ಣು ಇಡಲು ಬಗ್ಗಿದರು. ಮಡಿಲು ಒದ್ದೆಯಾಗಿತ್ತು. ಮಳೆಯ ಒದ್ದೆ ಅಲ್ಲ, ಕೆಂಪು.

‘ಲತಕ್ಕಾ’ ಎಂದು ಅವರು ಕೂಗಿದ ಕೂಗು ನನಗೆ ಇನ್ನೂ ಕೇಳಿಸುತ್ತದೆ. ಓಡಿಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಹಲಗೆಯ ಹಾಗೆ ಬಿಗಿದಿತ್ತು. ಹಣೆ ತಣ್ಣಗೆ, ನಾಡಿ ಹಾರುತ್ತಿತ್ತು. ಮೇಲಿಂದ ಏನೋ ಬಿದ್ದಾಗ ಹೊಟ್ಟೆ ಮೇಜಿನ ಅಂಚಿಗೆ ತಾಗಿತ್ತಂತೆ, ಒಳಗೆ ಮಗುವಿನ ಮಾಸು ಗರ್ಭಕೋಶದಿಂದ ಕಿತ್ತುಕೊಂಡಿತ್ತು. ಇಂಥದರಲ್ಲಿ ತಾಯಿ, ಮಗು ಇಬ್ಬರಿಗೂ ಹೊತ್ತು ಇರುವುದಿಲ್ಲ. ನಾನು ತಲೆ ಎತ್ತಿ ನೋಡುವಾಗ ಆಂಬುಲೆನ್ಸಿನ ಬಾಗಿಲು ಹಾಕುತ್ತಿದ್ದರು.

ಕಾಶವ್ವ ನನಗಿಂತ ಮೊದಲು ಓಡಿದರು. ಎದೆಗೆ ಬಾಳೆಹಣ್ಣಿನ ಚಿಪ್ಪು ಅವಚಿಕೊಂಡೇ ಆಂಬುಲೆನ್ಸಿನ ಮುಂದೆ ನಿಂತರು. ಚಾಲಕ ಹಾರ್ನು ಹೊಡೆದ. ‘ನನ್ನ ಮ್ಯಾಲೆ ಹಾಯಿಸಿ ಹೋಗು, ಹೋಗಾಕ ಆದ್ರ’ ಎಂದರು. ಅವನಿಗೆ ಕನ್ನಡ ಬಾರದು, ಆದರೂ ಅರ್ಥವಾಯಿತು.

ಡಾಕ್ಟರ್ ಇಳಿದು ಬಂದರು. ಹುಡುಗಿಯ ಕೈ ನೋಡಿ, ‘ಗ್ರೀನ್ ಹೈ ನಾ ಯೇ?’ ಎಂದರು.

‘ಅಲ್ಲ, ರೆಡ್’ ಎಂದೆ. ಹೊಟ್ಟೆ ಮುಟ್ಟಿ ನೋಡಿದವರೇ ಅವರು ಸ್ಟ್ರೆಚರು ತರಲು ಕೈಬೀಸಿದರು. ಕಾಲು ಮುರಿದವನನ್ನು ಇಳಿಸಿದರು, ಪಾಪ, ಅವನೂ ನಮ್ಮ ಹೆಗಲು ಹಿಡಿದು ಜಾಗ ಬಿಟ್ಟ. ನಾನು ಹುಡುಗಿಯ ಕೈಗೆ ಕೆಂಪು ಪಟ್ಟಿ ಕಟ್ಟಿ, ಆಸ್ಪತ್ರೆಯಲ್ಲಿ ಗೊಂದಲ ಆಗಬಾರದೆಂದು ಹಸಿರನ್ನು ಬಿಚ್ಚಲು ಹೋದೆ. ಅವಳು ಆ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು, ಬಿಡಲಿಲ್ಲ. ನೋವಿಗೆ ಹಿಡಿದಿದ್ದಾಳೆ ಎಂದುಕೊಂಡೆ. ಬಾಗಿಲು ಹಾಕಿದರು, ಗಾಡಿ ಹೋಯಿತು.

ಕಾಶವ್ವ ಬಾಳೆಹಣ್ಣು ಹಿಡಿದು ಅಲ್ಲೇ ನಿಂತಿದ್ದರು. ‘ಆ ಹಸರ ಕಟ್ಟಿದಾಕಿ ನಾನ, ಲತಕ್ಕ’ ಎಂದರು. ಅಷ್ಟೇ. ಆಮೇಲೆ ಕೊನೆಯ ಗಾಯಾಳು ಹೋಗುವವರೆಗೆ ಒಂದು ಪಟ್ಟಿಯನ್ನೂ ನನ್ನನ್ನು ಕೇಳದೆ ಕಟ್ಟಲಿಲ್ಲ.

ಸಂಜೆ ಡಾಕ್ಟರ್ ಹೃಷೀಕೇಶರ ಫೋನು ಬಂತು. ಆಪರೇಷನ್ ಆಗಿದೆ, ತಾಯಿಗೆ ರಕ್ತ ಕೊಟ್ಟಿದ್ದಾರೆ, ಜೀವಕ್ಕೆ ಭಯವಿಲ್ಲ. ಹೆಣ್ಣು ಮಗು. ದಿನ ತುಂಬದ ಕೂಸಾದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಆದರೆ ಚೆನ್ನಾಗಿ ಅಳುತ್ತಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ನಾನು ಕಾಶವ್ವನ ಎರಡೂ ಕೈ ಹಿಡಿದು ಹೇಳಿದೆ. ಅವರು ಹೋಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತರು. ನನಗೂ ಅಳು ಬಂತು, ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಹಾಗೆ ಬೀದಿಯಲ್ಲಿ ಕೂತು ಅತ್ತವಳಲ್ಲ. ದೇವರ ದಯೆ, ಆ ದಿನ ಯಾರೂ ಸಾಯಲಿಲ್ಲ. ನನ್ನ ಕೊಡೆಯ ಬಟ್ಟೆ ಚೀಲದಲ್ಲಿ ಹಾಗೇ ಉಳಿಯಿತು.

ನಿರಾಳವಾಯಿತು ಎಂದು ನಾನು ಅಂದುಕೊಂಡೆ. ಮರುದಿನ ನೋಡಿದರೆ ಕಾಶವ್ವನ ಅಂಗಡಿಯಲ್ಲಿ ಹಸಿರು ಖಣವೇ ಇಲ್ಲ. ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಮೇಲಿನ ಅಟ್ಟಕ್ಕೆ ಹಾಕಿದ್ದರು. ಶ್ರಾವಣ ಬಂತು, ಹಸಿರು ಕೇಳುವ ಗಿರಾಕಿಗಳೇ ಹೆಚ್ಚು. ‘ಮುಗದಾವ್ರೀ’ ಎಂದು ಕಳಿಸಿಬಿಡುತ್ತಿದ್ದರು. ಅಪ್ಪಾಸಾಹೇಬರನ್ನು ಮನೆಯಿಂದ ಕರೆತಂದು ಅಂಗಡಿಯಲ್ಲಿ ಕೂರಿಸಿಕೊಂಡಿದ್ದರು, ಬಸುರಿಯರು ಬಂದರೆ ಅವರನ್ನು ಮುಂದೆ ಮಾಡಿ ತಾವು ಹಿಂದೆ ಸರಿಯುತ್ತಿದ್ದರು.

ನನಗೆ ಸಿಟ್ಟು ಬಂತು. ‘ಎಂತ ಹಟ ಇದು ನಿಮ್ಮದು? ನೀವು ಹಣ್ಣು ಹಿಡ್ಕೊಂಡು ಹೋಗದಿದ್ರೆ ಆ ಹುಡುಗಿಯನ್ನು ಯಾರೂ ನೋಡ್ತಿರಲಿಲ್ಲ, ಗೊತ್ತುಂಟಾ?’

‘ನಾ ಕೆಂಪ ಕಟ್ಟಿದ್ರ ಹಣ್ಣು ಹಿಡಕೊಂಡು ಹೋಗೂದ ಬ್ಯಾಡಾಗಿತ್ತು’ ಎಂದರು ಕಾಶವ್ವ.

ಅವರ ಮಾತು ಸರಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ತಪ್ಪನ್ನು ತಪ್ಪಲ್ಲ ಎಂದು ಹೇಳುವ ಜಾತಿಯವಳು ನಾನಲ್ಲ. ಆದರೆ ಮನುಷ್ಯ ಎಷ್ಟು ದಿನ ತನ್ನ ಕೈಯನ್ನು ತಾನೇ ಹೊಡೆದುಕೊಳ್ಳುವುದು? ಜಗಳವಾಡದ ಕಾಶವ್ವನ ಪಕ್ಕದಲ್ಲಿ ಬದುಕುವುದು ಉಪ್ಪಿಲ್ಲದ ಸಾರು ಉಂಡ ಹಾಗೆ. ಮೋಹನದಾಸರೂ ಹಾಗೇ ಹೇಳಿದರು.

ದಸರೆ ಕಳೆದ ಮೇಲೆ ಒಂದು ಬೆಳಗ್ಗೆ ಆ ಹುಡುಗಿ ಬಂದಳು. ಧೂಳು ಇಲ್ಲದೆ ನನಗೆ ಮೊದಲು ಗುರುತೇ ಹತ್ತಲಿಲ್ಲ. ಹೆಸರು ಪೂನಂ. ಜೊತೆಯಲ್ಲಿ ಗಂಡ ಮನೀಶ, ಮರಾಠಿ ಹುಡುಗ, ಮಳೆಯಿಲ್ಲದಿದ್ದರೂ ಕೊಡೆ ಹಿಡಿದಿದ್ದ. ಅವಳ ತೋಳಿನಲ್ಲಿ ಟೊಪ್ಪಿಗೆ ಹಾಕಿದ ಕೂಸು. ಹೋಟೆಲಿನಲ್ಲಿ ವಿಚಾರಿಸಿದಳು, ನಾನೇ ಪಕ್ಕದ ಅಂಗಡಿಗೆ ಕರೆದುಕೊಂಡು ಹೋದೆ.

ಕಾಶವ್ವ ನೋಡಿದರು. ಎದ್ದು ನಿಂತರು. ಕೂಸಿನ ಮುಖ ನೋಡುವುದಕ್ಕೂ ಮೊದಲು ತಪ್ಪೊಪ್ಪಿಗೆ ಶುರು. ‘ಕೇಳವ್ವ, ನಾ ಮೊದಲ ಹೇಳಿಬಿಡತೇನಿ. ನಿನಗ ಅವತ್ತು ಕೆಂಪ ಕಟ್ಟಬೇಕಾಗಿತ್ತು. ನನ್ನ ಕೈ ತಪ್ಪೇತಿ. ಅದರಿಂದ ನಿನಗ ತಡಾ ಆತು.’

‘ಮಾಲೂಮ್ ಹೈ, ಆಂಟಿ. ಡಾಕ್ಟರ್ ನೇ ಬತಾಯಾ ಥಾ’ ಎಂದಳು ಪೂನಂ, ತನಗೆ ಗೊತ್ತು, ಡಾಕ್ಟರೇ ಹೇಳಿದ್ದರು ಎನ್ನುವ ಹಾಗೆ. ಕೂಸನ್ನು ಮನೀಶನ ಕೈಗೆ ಕೊಟ್ಟು, ಪರ್ಸಿನಿಂದ ಏನನ್ನೋ ತೆಗೆದು ಕಾಶವ್ವನ ಅಂಗೈಯಲ್ಲಿಟ್ಟಳು. ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟ ಹಸಿರು ಖಣದ ಪಟ್ಟಿ.

ಆಮೇಲೆ ಅವಳು ತನ್ನ ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. ಅವಳ ಅಪ್ಪ ಅಥಣಿ ಕಡೆಯವರು, ಕಲ್ಯಾಣದಲ್ಲಿ ಕಿರಾಣಿ ಅಂಗಡಿ. ಮನೀಶನನ್ನು ಮದುವೆಯಾದ ದಿನದಿಂದ ಮನೆಯವರು ಮಾತು ಬಿಟ್ಟಿದ್ದಾರೆ. ಅಕ್ಕನ ಕುಬಸ ಆಗುವಾಗ ಇವಳು ಸಣ್ಣವಳು, ಹಸಿರು ಸೀರೆ ಉಟ್ಟ ಅಕ್ಕನ ಉಡಿಯಲ್ಲಿ ಹಣ್ಣು ಇಟ್ಟದ್ದು ನೆನಪಿತ್ತು. ತನ್ನ ಬಸಿರಿನಲ್ಲಿ ಪ್ರತಿ ತಿಂಗಳೂ ಕಾದಳು, ಯಾರೂ ಬರಲಿಲ್ಲ. ಆ ದಿನ ಧೂಳಿನಲ್ಲಿ, ಕಿವಿ ಮುಚ್ಚಿಹೋದಾಗ, ಕನ್ನಡ ಮಾತಾಡುವ ಹೆಂಗಸೊಬ್ಬರು ಕೈಗೆ ಹಸಿರು ಖಣ ಕಟ್ಟಿದರು. ಹಣ್ಣು ತಂದು ಸೆರಗು ಒಡ್ಡು ಎಂದರು. ನನ್ನ ಕುಬಸ ಆಯಿತು, ಇನ್ನು ಏನೂ ಆಗುವುದಿಲ್ಲ ಎಂದು ಅವಳಿಗೆ ಅನ್ನಿಸಿತಂತೆ. ಅದಕ್ಕೇ ಬಿಚ್ಚಲು ಬಿಡಲಿಲ್ಲ. ಆಪರೇಷನ್ ಕೋಣೆಯಲ್ಲೂ ಬೈಸಿಕೊಂಡ ಮೇಲೆಯೇ ಬಿಟ್ಟದ್ದು.

ನನ್ನ ತಲೆಯೊಳಗಿನ ನರ್ಸಮ್ಮ ಹೇಳುತ್ತಿದ್ದಳು, ಆ ಪಟ್ಟಿ ನಿನ್ನನ್ನು ಕೊಲ್ಲುತ್ತಿತ್ತು ಹುಡುಗಿ ಎಂದು. ಆ ನರ್ಸಮ್ಮನ ಬಾಯಿಯನ್ನು ನಾನೇ ಮುಚ್ಚಿದೆ. ಎರಡೂ ನಿಜ, ಒಂದರಿಂದ ಇನ್ನೊಂದನ್ನು ಅಳಿಸಲಾಗುವುದಿಲ್ಲ.

ಕಾಶವ್ವ ಕೂಸನ್ನು ಎತ್ತಿಕೊಂಡರು. ಮೂಸಿದರು, ಲಟಿಕೆ ಮುರಿದು ದೃಷ್ಟಿ ತೆಗೆದರು. ಪೂನಂಳನ್ನು ಸ್ಟೂಲಿನ ಮೇಲೆ ಕೂರಿಸಿದರು. ‘ಬರೇ ಕೈಲೆ ಹೋಗಬಾರದು. ಯಾವ ಬಣ್ಣದ್ದು ಕೊಡ್ಲೆವ್ವ?’

ಪೂನಂ ಗೋಡೆಯ ಸಾಲುಗಳನ್ನೆಲ್ಲ ನೋಡಿದಳು. ಕೆಂಪು, ಹಳದಿ, ನೇರಳೆ, ಹಸಿರೊಂದು ಬಿಟ್ಟು ಎಲ್ಲ ಇದ್ದವು. ಆಮೇಲೆ, ಅಲ್ಲಿಯವರೆಗೆ ಒಂದು ಪದ ಕನ್ನಡ ಆಡದವಳು, ಮೆಲ್ಲಗೆ ಹೇಳಿದಳು, ‘ಹಸರ ಕೊಡ್ರಿ.’

ಕಾಶವ್ವನ ಕೈ ಏಳಲಿಲ್ಲ. ಮಗುವನ್ನು ಅವಚಿಕೊಂಡು ನನ್ನ ಕಡೆ ತಿರುಗಿದರು. ‘ಲತಕ್ಕ, ನಿಮ್ಮ ಪಾಠದಾಗ ಇದಕ್ಕ ಏನ ಹೇಳೇತಿ?’

ನಾನು ಹುಡುಗಿಯನ್ನು ನೋಡಿದೆ. ಕೆನ್ನೆಗೆ ರಕ್ತ ಬಂದಿತ್ತು, ಸ್ಟೇಷನ್ನಿನಿಂದ ಕೂಸನ್ನು ಎತ್ತಿಕೊಂಡು ಬಂದ ದಣಿವಿಗೆ ಸ್ವಲ್ಪ ಬೆವರಿದ್ದಳು.

‘ತಮ್ಮ ಕಾಲಲ್ಲಿ ನಡ್ಕೊಂಡು ಬಂದವರಿಗೆ ಹಸಿರೇ ಅಲ್ವಾ ಮಾರಾಯ್ತಿ. ಎಷ್ಟು ಸಲ ಹೇಳ್ಲಿಕ್ಕುಂಟು ನಿಮಗೆ?’ ಎಂದೆ.

ಕಾಶವ್ವ ಕೂಸನ್ನು ನನ್ನ ಕೈಗೆ ಕೊಟ್ಟರು. ಅಟ್ಟಕ್ಕೆ ಏಣಿ ಹಚ್ಚಿ ತಾವೇ ಹತ್ತಿ, ಗೋಣಿಯ ಕಟ್ಟು ಬಿಚ್ಚಿ, ಹಸಿರು ಖಣಗಳನ್ನು ಒಂದೊಂದಾಗಿ ಕೆಳಗೆ ಇಳಿಬಿಟ್ಟರು. ಮೇಲಿನಿಂದಲೇ ನನ್ನನ್ನು ಬೈದರು. ‘ಸುಮ್ನ ನಿಂತು ಏನ ನೋಡತೀರಿ? ಹೋಟೆಲಿಂದ ಬಾಳೆಹಣ್ಣು ತರಸ್ರಿ.’